ಬೋಣಿ ಹೊತ್ತಿನ ಕೆಂಪಕ್ಷರ

ಹರಪನಹಳ್ಳಿ
12 ಆಗಸ್ಟ್ 2024

ಸಮತೋಲ ಸಾಫ್ಟ್‌ವೇರ್ ಅಂಗಡಿಯ ವ್ಯವಸ್ಥಾಪಕರಿಗೆ,
ಹಗರಿಬೊಮ್ಮನಹಳ್ಳಿ

ಮಾನ್ಯರೆ,

ಹರಪನಹಳ್ಳಿಯ ಗುರುಮೂರ್ತಿಯವರ ವೇಬ್ರಿಡ್ಜಿನಲ್ಲಿ ತೂಕ ಬರೆಯುವ ಉಚ್ಚಂಗೆಪ್ಪನ ಅರಿಕೆ. ಲಾರಿ, ಟ್ರ್ಯಾಕ್ಟರುಗಳ ತೂಕ ತೋರಿಸಲು ತಾವು ನಮ್ಮ ಕಂಪ್ಯೂಟರಿಗೆ ಹಾಕಿಕೊಟ್ಟಿರುವ ಪ್ರೋಗ್ರಾಮಿನಲ್ಲಿ ಒಂದು ತೊಂದರೆ ಕಾಣಿಸಿಕೊಂಡಿದೆ.

ಬೆಳಗ್ಗೆ ಕ್ಯಾಬಿನ್ ಕಸ ಹೊಡೆದು, ಊದಿನಕಡ್ಡಿ ಹಚ್ಚಿ, ಮೊದಲ ಗಾಡಿಯನ್ನು ತೂಕದ ಪ್ಲಾಟ್‌ಫಾರಂ ಮೇಲೆ ಹತ್ತಿಸುತ್ತೇವೆ. ಪಕ್ಕದ ಹೊಲದವರು ಬೋರಿನ ಮೋಟರ್ ಹಾಕುವುದೂ ಅದೇ ಹೊತ್ತಿಗೆ. ಲೈಟು ಒಮ್ಮೆ ಮಿಣುಕುತ್ತದೆ. ಕೂಡಲೇ ಪರದೆಯ ನಟ್ಟನಡುವೆ ಒಂದು ಕೆಂಪು ಚೌಕ ಬಂದು ಕೂರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಸಾಕೆಟ್ ಎರರ್ 10054 ಎಂದೂ, ಕೆಳಗೆ ಕನೆಕ್ಷನ್ ರೀಸೆಟ್ ಎಂದೂ ಬರೆದಿರುತ್ತದೆ. ತೂಕದ ಅಂಕಿ ಅಳಿಸಿಹೋಗಿ ಬರೀ ಗೆರೆಗಳು ಉಳಿಯುತ್ತವೆ. ಕಂಪ್ಯೂಟರ್ ಆರಿಸಿ ಹಚ್ಚಿದರೆ ಸರಿಹೋಗುತ್ತದೆ.

ಆದರೆ ಅಷ್ಟರಲ್ಲಿ ಕೆಡಬೇಕಾದದ್ದು ಕೆಟ್ಟಿರುತ್ತದೆ. ಕಿಟಕಿಯಲ್ಲಿ ನಿಂತ ರೈತ, “ಬೋಣಿಗೇ ಕೆಂಪು ಬಿತ್ತಲ್ಲೋ ಉಚ್ಚಂಗೆಪ್ಪ, ಇವತ್ತು ನನ್ನ ಮಾಲಿಗೆ ರೇಟು ಸಿಕ್ಕಂಗ ಐತಿ” ಎಂದು ಗಾಡಿ ತಿರುಗಿಸಿಕೊಂಡು ಬೇರೆ ವೇಬ್ರಿಡ್ಜಿಗೆ ಹೋಗುತ್ತಾನೆ. ಅವನದೂ ತಪ್ಪಲ್ಲ. ನಾವು ಕೊಳಗದಲ್ಲಿ ಕಾಳು ಅಳೆಯುತ್ತಿದ್ದಾಗ ಮೊದಲ ಕೊಳಗಕ್ಕೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದೆವು. ದಿನದ ಮೊದಲ ವ್ಯವಹಾರ ಚೊಕ್ಕವಾಗಿರಬೇಕು.

ಆದ್ದರಿಂದ ಆ ಕೆಂಪು ಚೌಕವನ್ನು ತೆಗೆದುಹಾಕಬೇಕೆಂದು ಗುರುಮೂರ್ತಿಯವರ ಪರವಾಗಿ ಕೇಳಿಕೊಳ್ಳುತ್ತೇನೆ. ಅದು ಯಾಕೆ ಬರುತ್ತದೆ ಎಂಬುದು ನಮಗೆ ಬೇಡ, ಬರದಂತಾದರೆ ಸಾಕು. ಫೋನಿನಲ್ಲಿ ಹೇಳಲು ಅನುಕೂಲವಿಲ್ಲದ್ದರಿಂದ ಕಾಗದ ಬರೆದಿದ್ದೇನೆ.

ಉತ್ತರ ಕಾಯುತ್ತಿರುವ,
ಉಚ್ಚಂಗೆಪ್ಪ


ಹಗರಿಬೊಮ್ಮನಹಳ್ಳಿ
19 ಆಗಸ್ಟ್ 2024

ಗ್ರಾಹಕರಾದ ಶ್ರೀ ಉಚ್ಚಂಗೆಪ್ಪನವರಿಗೆ,

ತಮ್ಮ ದೂರು ತಲುಪಿದೆ. ಕೆಂಪು ಚೌಕ ಬಾರದ ಹಾಗೆ ಮಾಡಿದ ಹೊಸ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ಕಳಿಸಿದೆ. ಅದನ್ನು ಹಾಕುವ ಕ್ರಮ ಬೇರೆ ಹಾಳೆಯಲ್ಲಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು.

ಇಲ್ಲಿಗೆ ಅಂಗಡಿಯ ಮಾತು ಮುಗಿಯಿತು ಅಪ್ಪ. ಇನ್ನು ನನ್ನ ಮಾತು.

ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಕೆಲಸಕ್ಕೆ ನೀನು ಕಾಗದ ಬರೆದದ್ದು ಯಾಕೆಂದು ನನಗೆ ಗೊತ್ತು. ಇಲ್ಲಿ ಫೋನ್ ಎತ್ತುವವಳು ನಾನು. ಕೊಟ್ಟೂರಿನಲ್ಲಿ ಬುದ್ಧನ ಪಟದ ಮುಂದೆ ನಾನು ಕ್ರಾಂತಿಕುಮಾರ್ ಅವರಿಗೆ ಹಾರ ಹಾಕಿದ ದಿನ ನೀನು ಒಳಗೆ ಬರಲಿಲ್ಲ. ಹೊರಗೆ ಬಿಸಿಲಿನಲ್ಲಿ ನಿಂತು, “ಇನ್ನ ಮ್ಯಾಲೆ ನಿನ್ನ ದನಿ ನನ್ನ ಕಿವಿಗೆ ಬೀಳಬಾರ್ದು. ನನಗ ಮಗಳಿಲ್ಲ” ಎಂದು ಹೇಳಿ ಬಸ್ಸು ಹತ್ತಿದೆ. ಅವರು ಯಾವ ಕೇರಿಯವರು ಎಂಬುದೊಂದೇ ನಿನಗೆ ಕಂಡದ್ದು. ನೀನು ಆಡಿದ ಮಾತಿಗೆ ತಪ್ಪುವವನಲ್ಲ. ಎರಡು ವರ್ಷ ತಪ್ಪಿಲ್ಲ. ಆದರೆ ಅಕ್ಷರ ಕಣ್ಣಿಗೆ ಬೀಳಬಾರದು ಎಂದು ನೀನು ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ನೀನೂ ಬರೆದೇ ಬೈ.

ಕೆಂಪು ಚೌಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ಲಾಟ್‌ಫಾರಂ ಕೆಳಗಿನ ಯಂತ್ರ ತೂಕವನ್ನು ನಿನ್ನ ಕ್ಯಾಬಿನ್ ಗೋಡೆಯಲ್ಲಿರುವ ಸಣ್ಣ ಡಬ್ಬಿಗೆ ಕೊಡುತ್ತದೆ, ಡಬ್ಬಿ ಕಂಪ್ಯೂಟರಿಗೆ ಕೊಡುತ್ತದೆ. ಅದನ್ನು ತೆಗೆದುಕೊಳ್ಳಲು ನಮ್ಮ ಪ್ರೋಗ್ರಾಮು ಡಬ್ಬಿಯ ಕಡೆಗೆ ಒಂದು ಕಿಂಡಿ ತೆರೆದಿಟ್ಟಿರುತ್ತದೆ. ಅದನ್ನೇ ಸಾಕೆಟ್ ಎನ್ನುತ್ತೇವೆ. ಕಂಪ್ಯೂಟರಿಗೆ ಯುಪಿಎಸ್ ಇದೆ, ಡಬ್ಬಿಗೆ ಇಲ್ಲ. ಲೈಟು ಮಿಣುಕಿದಾಗ ಡಬ್ಬಿ ಒಂದು ಗಳಿಗೆ ಸತ್ತು ಹುಟ್ಟುತ್ತದೆ. ಹುಟ್ಟಿದ ಮೇಲೆ ಹಳೆಯ ಕಿಂಡಿ ಅದಕ್ಕೆ ನೆನಪಿರುವುದಿಲ್ಲ. ಆಗ ಬೀಳುವುದೇ 10054. ಕೆಂಪು ಚೌಕ ರೋಗವಲ್ಲ ಅಪ್ಪ, ರೋಗ ಇದೆ ಎಂದು ಹೇಳುವ ಬಾಯಿ. ಡಬ್ಬಿಗೂ ಒಂದು ಸಣ್ಣ ಯುಪಿಎಸ್ ಹಾಕಿಸಿ ಎಂದು ಗುರುಮೂರ್ತಿಯವರಿಗೆ ಹೇಳಿ ನೋಡು.

ಬೇರೆ ಗಿರಾಕಿ ಕೇಳಿದ್ದರೆ ಜಗಳವಾಡಿ ಆಗುವುದಿಲ್ಲ ಎನ್ನುತ್ತಿದ್ದೆ. ಆದರೆ ಎರಡು ವರ್ಷದಲ್ಲಿ ನೀನು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಇಲ್ಲ ಎನ್ನಲು ನನ್ನ ಕೈಯಲ್ಲಿ ಆಗಲಿಲ್ಲ. ಇನ್ನು ಮೇಲೆ ಸಂಪರ್ಕ ತಪ್ಪಿದರೆ ಪ್ರೋಗ್ರಾಮು ಸದ್ದಿಲ್ಲದೆ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ನನ್ನ ಮೇಜಿನ ಮೇಲಿನ ಡಬ್ಬಿಯಲ್ಲಿ ನೋಡಿದ್ದೇನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸಿಕೊಳ್ಳುತ್ತದೆ.

ನೀನು ಓದುತ್ತೀ ಎಂಬ ಧೈರ್ಯದಿಂದ,
ನಾಗರತ್ನ


ಹರಪನಹಳ್ಳಿ
3 ಸೆಪ್ಟೆಂಬರ್ 2024

ಮಾನ್ಯರೆ,

ಪೆನ್‌ಡ್ರೈವ್ ತಲುಪಿತು. ಹಾಳೆಯಲ್ಲಿ ಬರೆದಂತೆ ಪ್ರೋಗ್ರಾಮು ಹಾಕಿದೆ. ಕೆಂಪಕ್ಷರ ಬೀಳುವುದು ನಿಂತಿದೆ. ಗುರುಮೂರ್ತಿಯವರಿಗೆ ಬಹಳ ಸಂತೋಷವಾಗಿದೆ. ಯುಪಿಎಸ್ ವಿಷಯ ತಿಳಿಸಿದೆ. “ಕೆಂಪು ಹೋತಲ್ಲ, ಇನ್ಯಾಕ?” ಎಂದರು.

ತಮ್ಮ ಪತ್ರದ ಎರಡನೆಯ ಭಾಗ ಅಂಗಡಿಗೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಅದಕ್ಕೆ ಉತ್ತರ ಬರೆದಿಲ್ಲ.

ಪೆನ್‌ಡ್ರೈವಿಗೆ ಸುತ್ತಿದ್ದ ಬಟ್ಟೆ ನನ್ನ ಹೆಂಡತಿ ಕೆಂಚಕ್ಕನ ಹಳೆಯ ಸೀರೆಯದು. ಅದನ್ನು ವಾಪಸ್ ಕಳಿಸಿಲ್ಲ. ಇಟ್ಟುಕೊಂಡಿದ್ದೇನೆ.

ಉಚ್ಚಂಗೆಪ್ಪ


ಹಗರಿಬೊಮ್ಮನಹಳ್ಳಿ
14 ಅಕ್ಟೋಬರ್ 2024

ಅಪ್ಪ,

ಕಾಗದದ ಮಡಿಕೆಯಲ್ಲಿ ಬನ್ನಿ ಎಲೆ ಇದೆ, ಉದುರಿಸಬೇಡ. ದಸರೆಯ ದಿನ ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳದಿದ್ದರೆ ಆ ವರ್ಷ ನನಗೆ ಹಬ್ಬ ಮಾಡಿದ ಹಾಗೆ ಅನ್ನಿಸುವುದಿಲ್ಲ. ಹೋದ ವರ್ಷ ಕೊಡಲು ಯಾರೂ ಇರಲಿಲ್ಲ. ಇವರ ಮನೆಯಲ್ಲಿ ದಸರೆಯೆಂದರೆ ಬುದ್ಧನ ದಾರಿ ಹಿಡಿದ ಧಮ್ಮದೀಕ್ಷೆಯ ನೆನಪಿನ ದಿನ. ಕ್ರಾಂತಿಯವರು ದೀಪ ಹಚ್ಚಿದರು, ನಾನು ಸಂಜೆ ಬನ್ನಿ ಗಿಡ ಹುಡುಕಿಕೊಂಡು ಹೋದೆ. ನನಗಾಗಿ ಮುಳ್ಳಿನಲ್ಲಿ ಕೈ ಹಾಕಿ ಎಲೆ ಕಿತ್ತುಕೊಟ್ಟವರೂ ಅವರೇ. ನಾವಿಬ್ಬರೂ ಹೀಗೆಯೇ ಇದ್ದೇವೆ, ಜಗಳವಿಲ್ಲ.

ನಿನಗೆ ಮೆಕ್ಕೆಜೋಳದ ಸುಗ್ಗಿ ಶುರುವಾಗುತ್ತದೆ. ಗಾಡಿಗಳ ಸಾಲು ಹೆಚ್ಚಾದಾಗ ತೂಕದ ಅಂಕಿ ಸರಿಯಾಗಿ ಏರಿ ಇಳಿಯುತ್ತದೆಯೇ ಎಂದು ಒಮ್ಮೆ ನೋಡು. ಯಾಕೋ ಮನಸ್ಸಿನಲ್ಲಿ ಅದೇ ಕೊರೆಯುತ್ತಿದೆ. ನಾನೇ ಬಂದು ಡಬ್ಬಿಯನ್ನು ಪರೀಕ್ಷೆ ಮಾಡುತ್ತಿದ್ದೆ, ಆದರೆ ಈಗ ಕೆಲವು ತಿಂಗಳು ಬಸ್ಸಿನಲ್ಲಿ ಓಡಾಡಬೇಡ ಎಂದು ಡಾಕ್ಟರು ಹೇಳಿದ್ದಾರೆ.

ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ. ಬನ್ನಿ ಇಟ್ಟುಕೋ, ಸಾಕು.

ಕಾಲಿಗೆ ಬಿದ್ದ,
ನಾಗು


ಹರಪನಹಳ್ಳಿ
20 ನವೆಂಬರ್ 2024

ಮಾನ್ಯರೆ,

ತುರ್ತಾಗಿ ಬರೆಯುತ್ತಿದ್ದೇನೆ. ಅಕ್ಷರ ಚೆನ್ನಾಗಿಲ್ಲದಿದ್ದರೆ ಕ್ಷಮಿಸಬೇಕು.

ಚಿಗಟೇರಿಯ ಬೊಮ್ಮಪ್ಪ ಎಂಬ ರೈತ ಹೋದ ವಾರ ಮೆಕ್ಕೆಜೋಳದ ಟ್ರ್ಯಾಕ್ಟರ್ ತಂದಿದ್ದ. ಅವನ ಮುಂದೆ ಅದೇ ಊರಿನ ಇನ್ನೊಂದು ಟ್ರ್ಯಾಕ್ಟರ್ ತೂಕವಾಯಿತು. ಇವನದು ದೊಡ್ಡ ಟ್ರೇಲರ್, ಮೇಲೆ ಗೋಪುರದಂತೆ ತುಂಬಿದ್ದ. ಮುಂದಿನವನದು ಸಣ್ಣದು. ಸಂಜೆ ಚಹಾದಂಗಡಿಯಲ್ಲಿ ಇಬ್ಬರೂ ತೂಕದ ಚೀಟಿ ತೆಗೆದು ನೋಡಿದ್ದಾರೆ. ಎರಡರಲ್ಲೂ ಕೊನೆಯ ಅಂಕಿಯವರೆಗೆ ಒಂದೇ ತೂಕ. ಅಷ್ಟರಲ್ಲಿ ಜೋಳ ವ್ಯಾಪಾರಿಯ ಗೋದಾಮಿನಲ್ಲಿ ಸುರಿದು ರಾಶಿಯಲ್ಲಿ ಬೆರೆತುಹೋಗಿತ್ತು. ಮತ್ತೆ ತೂಗುವ ಮಾತೇ ಇಲ್ಲ.

ಮಾರನೆಯ ದಿನ ಬೊಮ್ಮಪ್ಪ ಹತ್ತು ಜನರನ್ನು ಕಟ್ಟಿಕೊಂಡು ಕ್ಯಾಬಿನ್ ಮುಂದೆ ಬಂದ. “ಎರಡು ಗಾಡಿಗೆ ಒಂದ ತೂಕ ತಾನಾಗಿ ಬರಂಗಿಲ್ಲ. ಬರಿಸ್ಯಾನ. ವ್ಯಾಪಾರಸ್ಥನ ಕೂಡ ಮಾತಾಡಿಕ್ಯಂಡು ಬರಿಸ್ಯಾನ” ಎಂದು ಕೂಗಿದ. ನಾನು ಏನೂ ಮಾಡಿಲ್ಲ ಎಂದೆ. ಯಾರೂ ನಂಬಲಿಲ್ಲ. ಹಮಾಲಿ ಹುಲುಗೇಶ ಒಬ್ಬನೇ ನನ್ನ ಪಕ್ಕದಲ್ಲಿ ನಿಂತ. ಸಂತೆಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ಕಾಲದಿಂದ ಈ ಊರಿನಲ್ಲಿ ನನ್ನನ್ನು ತೂಕದ ಉಚ್ಚಂಗೆಪ್ಪ ಎಂದೇ ಕರೆಯುತ್ತಾರೆ. ನನ್ನ ಹತ್ತಿರ ಹೊಲವಿಲ್ಲ, ಮನೆಯಿಲ್ಲ, ಇದ್ದದ್ದು ಆ ಹೆಸರೊಂದೇ.

ಹಿರಿಯರು ಕೂತು ತೀರ್ಮಾನ ಮಾಡಿದ್ದಾರೆ. ಹೊಸ್ತಿಲ ಹುಣ್ಣಿಮೆಯ ದಿನ ಚಿಗಟೇರಿಯ ಊರಮ್ಮನ ಗುಡಿಯಲ್ಲಿ ನಾನು ಆಣೆ ಇಡಬೇಕು. ದೇವರ ಮೇಲಿನ ಆಣೆ ಬೊಮ್ಮಪ್ಪನಿಗೆ ಸಾಲದಂತೆ. “ಹೆತ್ತ ಮಗಳ ಮ್ಯಾಲೆ ಆಣಿ ಇಟ್ಟು, ಕರ್ಪೂರ ಆರಿಸಿ, ತೂಕ ಸರಿ ಐತಿ ಅಂತ ಹೇಳ್ಲಿ. ನಾನು ಅವನ ಕಾಲಿಗೆ ಬಿದ್ದು ಹೋಕ್ಕೀನಿ” ಎಂದಿದ್ದಾನೆ. ಗುಂಪಿನಲ್ಲಿ ಯಾರೋ, “ಮಗಳ ಇಲ್ಲ ಅಂತಾನಲ್ಲ, ಹೆಂಗ ಇಡ್ತಾನ?” ಎಂದರು. ನನಗೆ ಮಗಳಿಲ್ಲ ಎಂದು ಹೇಳಿ ಆಗಲೇ ತಪ್ಪಿಸಿಕೊಳ್ಳಬಹುದಿತ್ತು. ಬಾಯಿ ಬರಲಿಲ್ಲ.

ಸುಳ್ಳು ಆಣೆ ಇಟ್ಟವನಿಗೆ ತಟ್ಟುವುದಿಲ್ಲ, ಯಾರ ಮೇಲೆ ಇಟ್ಟನೋ ಅವರಿಗೆ ತಟ್ಟುತ್ತದೆ. ಆದ್ದರಿಂದ ಅಂಗಡಿಯವರನ್ನು ಕೇಳುವುದೇನೆಂದರೆ, ಆ ದಿನ ಕಂಪ್ಯೂಟರ್ ತೋರಿಸಿದ ತೂಕ ಸರಿಯೇ? ಇರಬಹುದು, ಇದ್ದೀತು ಎಂದು ಬರೆಯಬೇಡಿ. ಸರಿ ಎಂದಾದರೆ ಸರಿ ಎನ್ನಿ. ಅಲ್ಲ ಎಂದಾದರೆ ಅಲ್ಲ ಎನ್ನಿ.

ಉಚ್ಚಂಗೆಪ್ಪ


ಹಗರಿಬೊಮ್ಮನಹಳ್ಳಿ
25 ನವೆಂಬರ್ 2024

ಅಪ್ಪ,

ನಿನ್ನ ಕಾಗದ ಓದಿ ಮಧ್ಯಾಹ್ನ ಊಟ ಮಾಡಲಿಲ್ಲ. ನಿನ್ನನ್ನು ಕಳ್ಳ ಎನ್ನುವವರ ಬಾಯಿ ಬಿದ್ದುಹೋಗಲಿ. ಸಂತೆಯಲ್ಲಿ ಮೆಣಸಿನಕಾಯಿ ತೂಗಿ, ತಕ್ಕಡಿಗೆ ಅಂಟಿದ ತೊಟ್ಟನ್ನೂ ಕೊಡವಿ ಗಿರಾಕಿಯ ಚೀಲಕ್ಕೆ ಹಾಕುತ್ತಿದ್ದವನು ನೀನು. ಅವ್ವ ಅದಕ್ಕೇ ನಿನ್ನನ್ನು ಗೇಲಿ ಮಾಡುತ್ತಿದ್ದಳು.

ಕ್ರಾಂತಿಯವರಿಗೆ ಓದಿ ಹೇಳಿದೆ. “ಆಣಿಗೀಣಿ ನಮ್ಮ ಮನ್ಯಾಗ ನಡಿಯಂಗಿಲ್ಲ. ಇಡ್ಲಿ ಬಿಡು, ನಿನಗೇನೂ ಆಗಂಗಿಲ್ಲ” ಎಂದು ನಕ್ಕರು. ನನಗೂ ಹಾಗೇ ಅನ್ನಿಸಿತು. ನನ್ನ ತಲೆ ಎಷ್ಟು ಗಟ್ಟಿ ಎಂಬುದು ನಿನಗೆ ಗೊತ್ತಿರುವುದೇ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅವರೇ ಬಂದು, “ಅದಿರ್ಲಿ ನಾಗು, ತೂಕ ಖರೇನ ಸರಿ ಇತ್ತೇನು?” ಎಂದು ಕೇಳಿದರು.

ಇಲ್ಲಿ ಕೂತು ಊಹೆ ಮಾಡುವುದಿಲ್ಲ. ನೀನು ಖಚಿತ ಬೇಕು ಎಂದಿದ್ದೀ. ಹಾಗಾದರೆ ಹೀಗೆ ಮಾಡು. ಗಾಡಿಗಳಿಲ್ಲದ ಹೊತ್ತು ನೋಡಿ ನೀನೇ ಪ್ಲಾಟ್‌ಫಾರಂ ನಡುವೆ ಹೋಗಿ ನಿಲ್ಲು. ಹುಲುಗೇಶಣ್ಣನನ್ನು ಕ್ಯಾಬಿನ್ನಿನಲ್ಲಿ ನಿಲ್ಲಿಸು. ಪರದೆಯ ಮೇಲೆ ನಿನ್ನ ತೂಕ ಬಂದಿತೋ ಕೇಳು. ಬಂದಿದ್ದರೆ, ಗೋಡೆಯ ಡಬ್ಬಿಯ ಕರೆಂಟಿನ ಪಿನ್ನನ್ನು ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಲು ಹೇಳು. ಲೈಟು ಮಿಣುಕಿದಾಗ ಆಗುವುದೂ ಅದೇ. ಆಮೇಲೆ ನೀನು ಇಳಿದು ಬಂದು ಪರದೆಯನ್ನು ನೋಡು. ಅಂಕಿ ಸೊನ್ನೆಗೆ ಇಳಿದಿದ್ದರೆ ಪ್ರೋಗ್ರಾಮು ಸರಿಯಿದೆ, ನಿಶ್ಚಿಂತೆಯಿಂದ ನನ್ನ ಮೇಲೆ ಆಣೆ ಇಡು.

ಇಳಿದಿರದಿದ್ದರೆ ಎಷ್ಟು ಹೊತ್ತು ಹಾಗೇ ನಿಲ್ಲುತ್ತದೆ ಎಂದು ನೋಡಿ ಬರೆ. ಇದು ಕೆಂಪು ಚೌಕ ತೆಗೆಯುವ ಮೊದಲೇ ನಾನು ನಿನ್ನಿಂದ ಮಾಡಿಸಬೇಕಾಗಿದ್ದ ಪರೀಕ್ಷೆ.

ಧೈರ್ಯವಾಗಿರು,
ನಾಗು


ಹರಪನಹಳ್ಳಿ
2 ಡಿಸೆಂಬರ್ 2024

ಮಾನ್ಯರೆ,

ಹೇಳಿದಂತೆ ಪರೀಕ್ಷೆ ಮಾಡಿದೆ.

ಚಪ್ಪಲಿ ಬಿಟ್ಟು ಪ್ಲಾಟ್‌ಫಾರಂ ನಡುವೆ ನಿಂತೆ. ಇಷ್ಟು ವರ್ಷ ಊರಿನವರ ಮಾಲೆಲ್ಲ ತೂಗಿದ್ದೇನೆ, ನಾನು ಅದರ ಮೇಲೆ ನಿಂತದ್ದು ಇದೇ ಮೊದಲು. ಹುಲುಗೇಶ ಕಿಟಕಿಯಿಂದ “ಅರವತ್ತು ಅದೀಯಲೇ, ಒಣಗಿ ಹೋಗಿ” ಎಂದು ಕೂಗಿದ. ಪಿನ್ನು ಕಿತ್ತು ಸಿಕ್ಕಿಸು ಎಂದೆ. ಸಿಕ್ಕಿಸಿದ. ನಾನು ಕೆಳಗಿಳಿದು, ಚಪ್ಪಲಿ ಮೆಟ್ಟಿಕೊಂಡು, ನಡೆದು ಬಂದು ಕ್ಯಾಬಿನ್ನಿನ ಒಳಗೆ ನಿಂತು ನೋಡಿದೆ.

ಅರವತ್ತು ಎಂದೇ ಇತ್ತು. ಪ್ಲಾಟ್‌ಫಾರಂ ಮೇಲೆ ಒಂದು ಕಾಗೆಯೂ ಇರಲಿಲ್ಲ. ಹುಲುಗೇಶ ಹೋಗಿ ಹತ್ತಿದ, ಕುಣಿದ, ಇಬ್ಬರು ಹಮಾಲರನ್ನು ಕರೆದು ಹತ್ತಿಸಿದ. ಪರದೆಯ ಮೇಲೆ ಅದೇ ಅರವತ್ತು. ಕೆಂಪಿಲ್ಲ, ಗೆರೆಯಿಲ್ಲ, ಎಲ್ಲವೂ ನೆಟ್ಟಗಿರುವ ಹಾಗೆ ಕಾಣುತ್ತಿತ್ತು. ಒಲೆ ಹೊತ್ತಿಸಿ ಚಹಾ ಕಾಸಿ ಕುಡಿದು ಮುಗಿಸುವಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಒಮ್ಮೆಲೇ ಅವರ ಮೂವರ ತೂಕ ಬಂತು.

ಸುಗ್ಗಿಯಲ್ಲಿ ಒಂದು ಗಾಡಿ ಇಳಿಯುವ ಮೊದಲೇ ಇನ್ನೊಂದರ ಮುಂದಿನ ಗಾಲಿ ಹತ್ತಿರುತ್ತದೆ. ನಾನು ಪರದೆ ನೋಡಿ ಗುಂಡಿ ಒತ್ತುತ್ತೇನೆ. ಗಾಡಿಯ ಕಡೆ ಕತ್ತೆತ್ತಿ ನೋಡುವುದಿಲ್ಲ. ಮೊದಲು ನೋಡುತ್ತಿದ್ದೆ.

ಇದರ ಅರ್ಥ ಏನೆಂದು ನನಗೆ ತಿಳಿಯಿತು. ಆದರೂ ನಿನ್ನಿಂದ ಕೇಳಬೇಕು. ತಮ್ಮಿಂದ ಎಂದು ಬರೆಯಬೇಕಿತ್ತು.

ಉಚ್ಚಂಗೆಪ್ಪ


ಹಗರಿಬೊಮ್ಮನಹಳ್ಳಿ
7 ಡಿಸೆಂಬರ್ 2024

ಅಪ್ಪ,

ಸರಿ ಇದ್ದರೆ ಸರಿ ಎನ್ನು, ಅಲ್ಲದಿದ್ದರೆ ಅಲ್ಲ ಎನ್ನು ಎಂದು ನೀನು ಬರೆದಿದ್ದೆ. ಅಲ್ಲ ಅಪ್ಪ. ಬೊಮ್ಮಪ್ಪನ ತೂಕ ಸರಿಯಲ್ಲ. ಅವನ ಚೀಟಿಯಲ್ಲಿ ಬಿದ್ದದ್ದು ಅವನ ಮುಂದೆ ಹೋದ ಗಾಡಿಯ ತೂಕ.

ಪ್ರೋಗ್ರಾಮನ್ನು ಬಿಚ್ಚಿ ನೋಡಿದೆ. ಸಂಪರ್ಕ ತಪ್ಪಿದಾಗ ಕೆಂಪು ಚೌಕ ತೋರಿಸು ಎಂಬ ಸಾಲಿನ ಜೊತೆಯಲ್ಲೇ ಹಳೆಯ ಅಂಕಿಯನ್ನು ಅಳಿಸು ಎಂಬ ಸಾಲೂ ಇತ್ತು. ನೀನು ಹೇಳುತ್ತಿದ್ದ ಆ ಗೆರೆಗಳು ಅದರಿಂದಲೇ ಬರುತ್ತಿದ್ದವು. ಒಂದನ್ನು ತೆಗೆಯುವಾಗ ಎರಡೂ ಹೋದವು. ನಾನು ಗಮನಿಸಲಿಲ್ಲ. ನನ್ನ ಮೇಜಿನ ಡಬ್ಬಿ ಹೊಸದು, ತಟ್ಟನೆ ಜೋಡಿಸಿಕೊಂಡಿತು. ನಿಮ್ಮದು ಹಳೆಯದು, ಎಚ್ಚರಾಗಲು ಅಷ್ಟು ಹೊತ್ತು ಬೇಕು. ಅಷ್ಟು ಹೊತ್ತೂ ಪರದೆಯ ಮೇಲೆ ಹಳೆಯ ಅಂಕಿ ನಿಂತಿರುತ್ತದೆ. ನೀನು ಕೆಂಪು ಬೇಡ ಎಂದೆ, ನಾನು ನಿನ್ನ ಮಾತು ನಡೆಸಿಕೊಡುವ ಆಸೆಯಲ್ಲಿ ಹೂಂ ಎಂದೆ. ಇದು ನಮ್ಮಿಬ್ಬರ ಕೈಯಿಂದಲೇ ಆದದ್ದು. ಅಳು ಬರುತ್ತಿದೆ.

ಇದರ ಜೊತೆ ಹೊಸ ಪೆನ್‌ಡ್ರೈವ್ ಇದೆ. ಇದರಲ್ಲಿ ಕೆಂಪು ಚೌಕ ವಾಪಸ್ ಬಂದಿದೆ, ಅಂಕಿಯೂ ಅಳಿಯುತ್ತದೆ. ಯಾರು ಬೇಡವೆಂದರೂ ಇನ್ನು ತೆಗೆಯುವುದಿಲ್ಲ.

ಈಗ ಆಣೆಯ ಮಾತು. ನನಗೆ ಒಂದು ದಾರಿ ಕಾಣುತ್ತದೆ. ತೂಕ ಸರಿ ಇದೆ ಎಂದು ಆಣೆ ಇಡಬೇಡ. ಪರದೆ ತೋರಿಸಿದ್ದನ್ನೇ ಬರೆದಿದ್ದೇನೆ, ನನ್ನ ಕೈಯಿಂದ ಏನೂ ಕೂಡಿಸಿಲ್ಲ, ಕಳೆದಿಲ್ಲ ಎಂದು ಇಡು. ಅದು ನೂರಕ್ಕೆ ನೂರು ನಿಜ. ನನ್ನ ತಲೆಗೆ ಏನೂ ತಟ್ಟುವುದಿಲ್ಲ, ನಿನ್ನ ಹೆಸರೂ ಉಳಿಯುತ್ತದೆ. ಮಾತನ್ನು ಅಳೆದು ಆಡುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ನನ್ನ ಮೇಲೆ ನಿನಗೆ ಸಿಟ್ಟಿರಲಿ, ಆದರೆ ಕಳ್ಳ ಎನ್ನಿಸಿಕೊಂಡು ನೀನು ಬದುಕುವುದು ನನಗೆ ಬೇಡ.

ಪ್ರೋಗ್ರಾಮಿನ ದೋಷವನ್ನು ಯಾರಿಗೂ ಬರೆದು ಕೊಡಬಾರದು ಎಂದು ನಮ್ಮ ಅಂಗಡಿಯ ಮಾಲೀಕರು ಹೇಳಿದ್ದಾರೆ. ಬರೆದರೆ ಕೆಲಸ ಬಿಡಬೇಕಾಗುತ್ತದೆ ಎಂದೂ ಹೇಳಿದ್ದಾರೆ. ಮೇಲೆ ಬರೆದಿದ್ದೇನೆ, ಕೆಳಗೆ ಸಹಿ ಹಾಕಿದ್ದೇನೆ. ಬೇಕೆನ್ನಿಸಿದರೆ ಈ ಕಾಗದವನ್ನು ಗುಡಿಯಲ್ಲಿ ಎಲ್ಲರ ಮುಂದೆ ಓದು.

ನಿನ್ನ ಮಗಳು,
ನಾಗರತ್ನ


ಹರಪನಹಳ್ಳಿ
18 ಡಿಸೆಂಬರ್ 2024

ನಾಗೂ,

ಇದನ್ನು ಅಂಗಡಿಯ ವಿಳಾಸಕ್ಕೆ ಹಾಕಿಲ್ಲ. ನಿನ್ನ ಮನೆ ಯಾವ ಓಣಿಯಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಹುಲುಗೇಶನ ಅಳಿಯ ನಿಮ್ಮೂರಿನಲ್ಲಿದ್ದಾನೆ, ಅವನಿಂದ ವಿಳಾಸ ತರಿಸಿಕೊಂಡೆ.

ಹುಣ್ಣಿಮೆಯ ಹಿಂದಿನ ದಿನವೇ ನೀನು ಕಳಿಸಿದ ಪ್ರೋಗ್ರಾಮನ್ನು ಹಾಕಿದೆ. ಡಬ್ಬಿಯ ಪಿನ್ನು ಕಿತ್ತು ಕೆಂಪಕ್ಷರ ಬೀಳುವುದನ್ನು ಕಣ್ಣಾರೆ ನೋಡಿ ಕ್ಯಾಬಿನ್ನಿಗೆ ಬೀಗ ಹಾಕಿದೆ.

ಚಿಗಟೇರಿಗೆ ಗುರುಮೂರ್ತಿಯವರೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಪರೀಕ್ಷೆಯ ವಿಷಯ ಅವರಿಗೆ ಹೇಳಿದ್ದೆ. ದಾರಿಯುದ್ದಕ್ಕೂ ಒಂದೇ ಮಾತು. “ಪರದಿ ತೋರ್ಸಿದ್ದನ್ನ ಬರ್ದೀನಿ ಅಂತ ಆಣಿ ಇಡು ಉಚ್ಚಂಗೆಪ್ಪ. ಸುಳ್ಳೇನಲ್ಲಲ್ಲ. ಮಿಷನ್ ಕೆಟ್ಟೈತಿ ಅಂದ್ರ ನಾಳಿ ಸುಗ್ಗಿ ಮಂದಿಯೆಲ್ಲ ಚೀಟಿ ಹಿಡ್ಕಂಡು ನನ್ನ ಬಾಗ್ಲಿಗೆ ಬರ್ತಾರ.” ನೀನು ಬರೆದದ್ದೂ ಹೆಚ್ಚುಕಡಿಮೆ ಅದೇ ಮಾತು. ನಿನ್ನ ಕಾಗದದಲ್ಲಿ ಓದಿದಾಗ ದಾರಿ ಸಿಕ್ಕಿತು ಎಂದು ಸಮಾಧಾನವಾಗಿತ್ತು. ಅವರ ಬಾಯಿಂದ ಕೇಳಿದಾಗ ಹೇಸಿಗೆಯಾಯಿತು. ನೀನು ನನ್ನ ಮೇಲಿನ ಪ್ರೀತಿಗೆ ಹೇಳಿದ್ದು, ಅವರು ವೇಬ್ರಿಡ್ಜಿಗೆ ಹೇಳಿದ್ದು. ಬೊಮ್ಮಪ್ಪನಿಗೆ ಮಾತ್ರ ಎರಡರಲ್ಲೂ ತೂಕ ಬಂದಂತಾಗಲಿಲ್ಲ.

ಗುಡಿಯ ಮುಂದೆ ಊರೇ ನೆರೆದಿತ್ತು. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ನನ್ನ ಮುಂದೆ ಹಿಡಿದ. “ಮಗಳ ಹೆಸರು ಹೇಳು, ಆಣಿ ಇಡು, ಅಂಗೈಲೆ ಆರಿಸು” ಎಂದ. ಹಿಂದಿನಿಂದ ಯಾರೋ, “ಯಾರ ಹೆಸರು ಹೇಳ್ತಾನ, ಮಗಳು ಸತ್ಲು ಅಂತ ತಿಳಿದಾನ” ಎಂದು ನಕ್ಕರು. ಹಾಗೆ ತಿಳಿದಿಲ್ಲ ನಾಗು. ಸತ್ತಳು ಎಂದು ನಾನು ಯಾರ ಮುಂದೆಯೂ ಹೇಳಿದವನಲ್ಲ. ಇಲ್ಲ ಎಂದು ಹೇಳಿದ್ದೆ. ಅಲ್ಲಿ ನಿಂತಾಗ ಎರಡಕ್ಕೂ ಬಹಳ ವ್ಯತ್ಯಾಸ ಕಾಣಲಿಲ್ಲ.

ಕರ್ಪೂರ ಉರಿಯುತ್ತಿತ್ತು. ನಾನು ಕೈ ಎತ್ತಲಿಲ್ಲ. “ನನಗ ಮಗಳು ಅದಾಳ” ಎಂದೆ. “ನಾಗರತ್ನ ಅಂತ. ಹಗರಿಬೊಮ್ಮನಹಳ್ಳ್ಯಾಗ ಅದಾಳ, ಕ್ರಾಂತಿಕುಮಾರನ ಹೇಣ್ತಿ. ಆಕಿ ಮ್ಯಾಲೆ ನಾನು ಆಣಿ ಇಡಂಗಿಲ್ಲ. ಯಾಕಂದ್ರ ತೂಕ ತಪ್ಪೈತಿ. ಬೊಮ್ಮಪ್ಪ ಹೇಳಿದ್ದು ಖರೆ.”

ಗದ್ದಲವೆದ್ದಿತು. ಅದು ತಣ್ಣಗಾದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಯಂತ್ರ ಕೆಟ್ಟಾಗ ಕೆಂಪಕ್ಷರ ಬಿದ್ದು ಎಚ್ಚರಿಸುತ್ತಿತ್ತು, ಬೋಣಿಗೆ ಅಪಶಕುನ ಎಂದು ನೀವು ಗಾಡಿ ತಿರುಗಿಸಿದಿರಿ, ಅದನ್ನು ತೆಗೆಸಿದವನು ನಾನು ಎಂದೆ. ಬೊಮ್ಮಪ್ಪನಿಗೆ ಮೋಸ ಮಾಡುವ ಮನಸ್ಸು ನನಗಿರಲಿಲ್ಲ, ಆದರೆ ಅವನಿಗೆ ಮೋಸವಾಗಿದೆ ಎಂದೆ. ಪ್ರೋಗ್ರಾಮು ಬರೆದವರು ಯಾರು ಎಂದು ಒಬ್ಬರು ಕೇಳಿದರು. ಕೆಂಪು ರೋಗವಲ್ಲ, ರೋಗ ಹೇಳುವ ಬಾಯಿ ಎಂದು ಬರೆದವರು ಮೊದಲೇ ತಿಳಿಸಿದ್ದರು, ಕಿವಿಗೆ ಹಾಕಿಕೊಳ್ಳದವನು ನಾನು ಎಂದಷ್ಟೇ ಹೇಳಿದೆ. ನಿನ್ನ ಕಾಗದ ಜೇಬಿನಲ್ಲಿತ್ತು. ತೆಗೆಯಲಿಲ್ಲ. ನನ್ನ ಕೆಲಸ ಹೋಗುವುದು ನಿಶ್ಚಯವಾಗಿತ್ತು, ನಿನ್ನದೂ ಹೋಗುವುದು ಬೇಡ.

ಗುರುಮೂರ್ತಿಯವರು “ನಾಳಿಂದ ಬರಬ್ಯಾಡ” ಎಂದು ಹೇಳಿ ನನ್ನನ್ನು ಅಲ್ಲೇ ಬಿಟ್ಟು ಕಾರು ಹತ್ತಿದರು. ಸೆಪ್ಟೆಂಬರಿನಿಂದ ಈಚೆಗೆ ತೂಗಿಸಿದವರೆಲ್ಲ ತಮ್ಮ ತಮ್ಮ ಚೀಟಿಗಳ ಬಗ್ಗೆ ನನ್ನನ್ನು ಕೇಳತೊಡಗಿದರು. ಯಾವುದು ಸರಿ, ಯಾವುದು ತಪ್ಪು ಎಂದು ಹೇಳಲು ನನ್ನಿಂದ ಆಗಲಿಲ್ಲ. ಕೆಲವರು ಬೈದರು. ಒಬ್ಬ ಮುದುಕಿ ಮುಖಕ್ಕೆ ಉಗುಳುವ ಹಾಗೆ ಬಂದು, ನೆಲಕ್ಕೆ ಉಗಿದು ಹೋದಳು. ಇನ್ನು ಮೇಲೆ ತೂಕದ ಉಚ್ಚಂಗೆಪ್ಪ ಎಂದು ಯಾರೂ ಕರೆಯುವುದಿಲ್ಲ. ದುಃಖವಾಗುತ್ತದೆ, ಇಲ್ಲವೆಂದರೆ ಸುಳ್ಳು. ಆದರೆ ಆ ಹೆಸರನ್ನು ಉಳಿಸಿಕೊಳ್ಳಲು ನಿನ್ನ ತಲೆಯನ್ನು ಮುಂದೆ ಚಾಚಲು ನನಗೆ ಮನಸ್ಸು ಬರಲಿಲ್ಲ.

ಜನ ಕರಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಬೊಮ್ಮಪ್ಪ ಬಂದು ಪಕ್ಕದಲ್ಲಿ ಕೂತ. ಆಮೇಲೆ ಎಲೆ ಅಡಿಕೆಯ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದ. ನಾನು ತೆಗೆದುಕೊಂಡೆ. ಅವನಿಗೂ ಇಬ್ಬರು ಹೆಣ್ಣುಮಕ್ಕಳಂತೆ, ಒಬ್ಬಳನ್ನು ನೀಲಗುಂದಕ್ಕೆ ಕೊಟ್ಟಿದ್ದಾನಂತೆ. ಆಣೆ ಕೇಳಿದ್ದಕ್ಕೆ ಅವನಿಗೂ ಏನೋ ಕಸಿವಿಸಿಯಾಗಿತ್ತು ಎಂದು ಕಾಣುತ್ತದೆ. ಮಾತು ಆಡಬೇಕು ಎಂದು ಆಡಿದ ಹಾಗೆ, “ಮಗಳು ಆರಾಮ ಅದಾಳನು?” ಎಂದು ಕೇಳಿದ.

ನನ್ನ ಬಾಯಲ್ಲಿ ಎಲೆ ಹಾಗೇ ಉಳಿಯಿತು. ಆಗಸ್ಟಿನಿಂದ ನಿನಗೆ ಕಾಗದ ಬರೆಯುತ್ತಿದ್ದೇನೆ. ಡಬ್ಬಿ ಹೇಗಿದೆ, ಪರದೆ ಹೇಗಿದೆ, ಅಂಕಿ ಹೇಗಿದೆ ಎಂದೆಲ್ಲ ಬರೆದಿದ್ದೇನೆ.

“ಗೊತ್ತಿಲ್ಲಪ್ಪ” ಎಂದೆ. ಬೊಮ್ಮಪ್ಪ ತಿರುಗಿ ನನ್ನ ಮುಖ ನೋಡಿದ. ತೂಕ ತಪ್ಪಿದೆ ಎಂದು ಹೇಳಿದಾಗಲೂ ಅವನು ಹಾಗೆ ನೋಡಿರಲಿಲ್ಲ.

ಹೇಗಿದ್ದೀ ನಾಗೂ?

ನಿನ್ನ ಅಪ್ಪ,
ಉಚ್ಚಂಗೆಪ್ಪ